ಗೂಡಿನ ಹಾರ

ಕರಿಯಪ್ಪನವರು ಲಗ್ನಪತ್ರಿಕೆ ಹಿಡಿದು ಅಂಗಡಿಗೆ ಬಂದಾಗ ಗಫಾರ್ ಚೆಂಡುಹೂವಿನ ಮೂಟೆ ಬಿಚ್ಚುತ್ತಿದ್ದ. ಚನ್ನಪಟ್ಟಣದ ಬಸ್ ನಿಲ್ದಾಣದ ಹತ್ತಿರ ಅವನಪ್ಪ ಇಟ್ಟಿದ್ದ ಹೂವಿನಂಗಡಿ ಅದು. ಕರಿಯಪ್ಪನವರನ್ನು ಕಂಡದ್ದೇ ಕೈ ಒರೆಸಿಕೊಂಡು ಸ್ಟೂಲು ಎಳೆದು ಹಾಕಿದ. ಅವರ ಮಗಳು ಭಾನುಪ್ರಿಯಳಿಗೆ ಮಾಗಡಿ ಕಡೆಯ ಸಂಬಂಧ ಕುದುರಿದ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಹಸೆಮಣೆಯ ಹಿಂದಕ್ಕೆ ಯಾವ ಹೂವು, ಹುಡುಗಿಯ ಮೊಗ್ಗಿನ ಜಡೆಗೆ ಮಲ್ಲಿಗೆ ಎಲ್ಲಿಂದ ತರಿಸಬೇಕು ಎಂದೆಲ್ಲ ಅವನು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡೂ ಆಗಿತ್ತು.

ಕರಿಯಪ್ಪನವರ ಮನೆಯ ಹೂವಿನ ಕೆಲಸವೆಂದರೆ ಗಫಾರನ ಮನೆಯದೇ ಕೆಲಸ. ಕರಿಯಪ್ಪನವರು ಹಸೆಮಣೆ ಏರಿದಾಗ ಅವರ ಕೊರಳಿಗೆ ಬಿದ್ದ ಹಾರ ಗಫಾರ್ ಕಟ್ಟಿದ್ದು. ಅಪ್ಪ ಅವನ ಕೈಗೆ ಮುಹೂರ್ತದ ಹಾರವೊಂದನ್ನು ಮೊದಲ ಸಲ ಒಪ್ಪಿಸಿದ್ದು ಆವತ್ತೇ. ಆಮೇಲೆ ಅವರ ತಂಗಿಯರ ಮದುವೆ, ಗೃಹಪ್ರವೇಶ, ಕೊನೆಗೆ ಅವರ ತಂದೆ ತೀರಿಕೊಂಡಾಗ ಹೊದಿಸಿದ ಹೂವು ಕೂಡ ಇದೇ ಅಂಗಡಿಯಿಂದ ಹೋಗಿತ್ತು.

“ಹೂವಿನ ಕೆಲ್ಸ ಈ ಸತಿ ಬ್ಯಾಡ ಗಫಾರಣ್ಣ,” ಎಂದರು ಕರಿಯಪ್ಪನವರು, ಪತ್ರಿಕೆಯನ್ನು ಅವನ ಕೈಗಿಡುತ್ತ. “ರಾಮನಗರದ ಧನುಶ್ರೀಗೆ ಒಪ್ಪಿಸ್ಬುಟ್ಟವ್ಳೆ ನನ್ ಮಗಳು. ಛತ್ರ ಬ್ಯಾಡ್ವಂತೆ, ನಮ್ ಮಾವಿನ ತೋಪ್ನಲ್ಲೇ ಮದ್ವೆಯಂತೆ. ಹೂವಿನ ಬದ್ಲು ರೇಷ್ಮೆ ಗೂಡಲ್ಲಿ ಹಾರ ಮಾಡಿಸ್ತಾಳಂತೆ. ಅದೇನೋ ಕ್ರಿಯೇಟಿವ್ ಅಂತಾಳೆ, ನಂಗೇನ್ ತಿಳೀತದೆ?”

ಗಫಾರ್ ಪತ್ರಿಕೆಯ ಮೇಲಿನ ಅರಿಶಿನವನ್ನು ಹೆಬ್ಬೆರಳಿನಿಂದ ಸವರುತ್ತ ನಿಂತ.

“ಈ ಸತಿ ನೀವು ಕೆಲ್ಸ ಗಿಲ್ಸ ಅಂತ ಒದ್ದಾಡಂಗಿಲ್ಲ. ನೆಂಟ್ರಂಗೆ ಬಂದು ಕೂತ್ಕಂಡು ಉಂಡು ಹೋಗ್ಬೇಕು,” ಎಂದು ಅವರು ನಗುತ್ತ ಅವನ ಹೆಗಲು ತಟ್ಟಿದರು.

ಪ್ರೀತಿಯಿಂದಲೇ ಆಡಿದ ಮಾತು. ಗಫಾರನಿಗೆ ಮಾತ್ರ ಯಾರೋ ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿ, ನೀನಿನ್ನು ಆರಾಮವಾಗಿರಪ್ಪ ಎಂದಂತಾಯಿತು. ಆ ಮನೆಯ ಮದುವೆಯಲ್ಲಿ ಅವನು ಎಂದೂ ಸುಮ್ಮನೆ ಕೂತವನಲ್ಲ. ಎಲ್ಲರಿಗಿಂತ ಮೊದಲು ಹೋಗಿ, ಎಲ್ಲರೂ ಉಂಡ ಮೇಲೆ ಕೊನೆಯ ಪಂಕ್ತಿಯಲ್ಲಿ ಅಡುಗೆಯವರ ಜೊತೆ ಉಣ್ಣುತ್ತಿದ್ದವನು. ಅದೇ ಅವನಿಗೆ ಹೆಚ್ಚಿನ ಮರ್ಯಾದೆಯಾಗಿ ಕಾಣುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಅವನು ಸಹಿಸುತ್ತಿದ್ದನೇನೋ. ಧನುಶ್ರೀ ಅವನ ಅಂಗಡಿಯಲ್ಲಿ ಕೂಲಿಗೆ ಹೂವು ಕಟ್ಟುತ್ತಿದ್ದ ಮಾರಮ್ಮನ ಮಗಳು. ಶಾಲೆ ಬಿಟ್ಟ ಮೇಲೆ ಬಂದು ತಾಯಿಯ ಪಕ್ಕ ಕೂತು, ಬಿದ್ದ ಎಸಳುಗಳನ್ನು ಆಯ್ದು ನೆಲದ ಮೇಲೆ ನವಿಲು, ಆನೆ ಎಂದು ಜೋಡಿಸುತ್ತಿದ್ದಳು. ಗಫಾರನೇ ಎಷ್ಟೋ ಸಲ, “ಎತ್ತವ್ವ ಅದ್ನ, ಕಾಲಿಗ್ ಸಿಗ್ತೈತೆ,” ಎಂದು ಗದರಿಸಿದ್ದ. ಆ ಹುಡುಗಿ ಬೆಳೆದು, ರೇಷ್ಮೆ ಗೂಡಿನಲ್ಲಿ ಹೂವು ಮಾಡುವ ತರಬೇತಿ ಮುಗಿಸಿ, ಈಗ ರಾಮನಗರದಲ್ಲಿ ಅಂಗಡಿ ಮಾಡಿದ್ದಳು. ಮದುವೆ ಅಲಂಕಾರಕ್ಕೆ ಕನಕಪುರದಿಂದ ಮಾಗಡಿಯವರೆಗೆ ಅವಳನ್ನೇ ಕರೆಯುತ್ತಿದ್ದರು. ಮಾರಮ್ಮ ಗಫಾರನ ಅಂಗಡಿ ಬಿಟ್ಟು ಮಗಳ ಅಂಗಡಿಯಲ್ಲಿ ಕೂತಿದ್ದಳು.

ಅವತ್ತಿನಿಂದ ಗಫಾರನಿಗೆ ಒಂದು ಕೆಟ್ಟ ಚಟ ಅಂಟಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲು ತೆಗೆದು ಧನುಶ್ರೀ ಹಾಕಿದ ವಿಡಿಯೋಗಳನ್ನು ನೋಡುವುದು. ಸಾವನದುರ್ಗದ ತಪ್ಪಲಿನ ಯಾವುದೋ ತೋಟದಲ್ಲಿ ಮಾಡಿದ ಮದುವೆಯಲ್ಲಿ ಅವಳು ಚನ್ನಪಟ್ಟಣದ ಬಣ್ಣದ ಬುಗುರಿಗಳನ್ನೂ ಮರದ ಗಿಳಿಗಳನ್ನೂ ಮಲ್ಲಿಗೆ ಸರದ ನಡುನಡುವೆ ಇಳಿಬಿಟ್ಟಿದ್ದಳು. ಗಾಳಿ ಬಂದಾಗ ಬುಗುರಿಗಳು ತಿರುಗುತ್ತಿದ್ದವು. ಗಫಾರ್ ಅದನ್ನು ಮತ್ತೆ ಮತ್ತೆ ಹಿಂದಕ್ಕೆ ಸರಿಸಿ ನೋಡಿದ. ಎಲ್ಲಾದರೂ ಒಂದು ದಾರ ಜೋತುಬಿದ್ದಿದೆಯೇ, ಒಂದು ಹೂವು ಬಾಡಿದೆಯೇ ಎಂದು ಹುಡುಕಿದ. ಸಿಗಲಿಲ್ಲ. ಕೆಳಗೆ ಜನ ಬರೆದಿದ್ದ ಹೊಗಳಿಕೆಯನ್ನೂ ಒಂದೊಂದಾಗಿ ಓದಿದ. ಓದಿ ಮುಗಿಸುವಷ್ಟರಲ್ಲಿ ಬಿಸಿ ಟೀ ಆರಿ ಕೆನೆಗಟ್ಟಿತ್ತು.

ಅವನ ಹೆಂಡತಿ ಶರ್ಫುನ್ನೀಸಾ ಒಂದು ಮಧ್ಯಾಹ್ನ ಊಟದ ಡಬ್ಬಿ ತಂದವಳು ಬೆನ್ನ ಹಿಂದೆ ನಿಂತು ಇದನ್ನು ನೋಡಿದಳು. ಅವರಿಬ್ಬರ ನಡುವಿನ ಮಾತು ಉರ್ದುವಿನಲ್ಲೇ.

“ಯಾಕೆ ನೋಡ್ತೀರಿ? ನೋಡಿದಷ್ಟೂ ಹೊಟ್ಟೆ ಉರಿಯುತ್ತೆ,” ಎಂದಳು.

“ನನಗ್ಯಾಕೆ ಉರಿಯಬೇಕು? ಹೂವೇ ಇಲ್ಲದ ಮದುವೆ ಅದೊಂದು ಮದುವೆಯಾ ಅಂತ ನೋಡ್ತಿದ್ದೆ.”

“ಹೂವು ಇದೆಯಲ್ಲ ಅದರಲ್ಲಿ. ಚೆನ್ನಾಗೇ ಇದೆ,” ಎಂದಳು ಅವಳು. ಗಫಾರ್ ಆ ಮಧ್ಯಾಹ್ನ ಡಬ್ಬಿ ತೆರೆಯಲೇ ಇಲ್ಲ.

ಮದುವೆಗೆ ಇನ್ನೂ ದಿನಗಳಿದ್ದವು. ರಾಮನಗರದಲ್ಲಿ ಬೇರೆ ಕೆಲಸವಿದೆ ಎಂದು ತನಗೆ ತಾನೇ ಹೇಳಿಕೊಂಡು ಗಫಾರ್ ಬಸ್ಸು ಹತ್ತಿದ. ಧನುಶ್ರೀಯ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಅವನನ್ನು ಕಂಡು ಅವಳು ಕತ್ತರಿ ಕೆಳಗಿಟ್ಟು ಎದ್ದು ಬಂದಳು.

“ಅಯ್ಯೋ ಮಾಮ, ಬನ್ನಿ ಬನ್ನಿ! ಅಮ್ಮ ಇರ್ಬೇಕಿತ್ತು, ಊರಿಗೋಗವ್ಳೆ. ನೀವ್ ಬಂದಿದ್ರಿ ಅಂದ್ರೆ ಕುಣುದಾಡ್ತಾಳೆ.”

ಚಿಕ್ಕಂದಿನಿಂದ ಅವಳು ಅವನನ್ನು ಮಾಮ ಎಂದೇ ಕರೆಯುತ್ತಿದ್ದದ್ದು. ಕುರ್ಚಿ ಕೊಟ್ಟಳು, ಟೀ ತರಿಸಿದಳು. ಕೇಳುವ ಮೊದಲೇ ಒಳಗಿನಿಂದ ತಟ್ಟೆಯೊಂದನ್ನು ತಂದು ಬಟ್ಟೆ ಸರಿಸಿದಳು. ಭಾನುಪ್ರಿಯಳ ಮದುವೆಯ ಹಾರ. ತಿಳಿಹಳದಿ ಬಣ್ಣದ ನಾಡತಳಿಯ ರೇಷ್ಮೆಗೂಡುಗಳನ್ನು ಎಸಳೆಸಳಾಗಿ ಕತ್ತರಿಸಿ ಮಾಡಿದ ಹೂವುಗಳು. ನಡುವೆ ಕತ್ತರಿಸದ ಇಡೀ ಗೂಡುಗಳು. ತುದಿಯಲ್ಲಿ ಕೆಂಪು ರೇಷ್ಮೆಯ ಕುಚ್ಚು. ಗಫಾರ್ ಕೈಗೆ ತೆಗೆದುಕೊಂಡ. ಹಗುರವಾಗಿತ್ತು. ಮದುಮಗಳ ಕುತ್ತಿಗೆಗೆ ಭಾರವಾಗದು, ಸಂಜೆಯಾದರೂ ಬಾಡದು, ಸೀರೆಗೆ ಕಲೆಯಾಗದು. ಇದೆಲ್ಲ ಅವನಿಗೆ ಒಂದೇ ಏಟಿಗೆ ಹೊಳೆದುಹೋಯಿತು. ಎಲ್ಲಾದರೂ ತಪ್ಪು ಸಿಕ್ಕೀತೇ ಎಂದು ಒಂದೊಂದೇ ಗೂಡನ್ನು ತಿರುಗಿಸಿ ನೋಡತೊಡಗಿದ.

ಇಡೀ ಗೂಡೊಂದರ ತುದಿಯಲ್ಲಿ ತೂತಿತ್ತು. ಅವನ ಕಿರುಬೆರಳ ತುದಿ ಅದರೊಳಗೆ ಹೋಯಿತು.

“ಇದೇನವ್ವ ತೂತು ಬಿದ್ದದೆ?”

“ಚಿಟ್ಟೆ ಹಾರೋದ ಗೂಡು ಮಾಮ ಅದು. ಬಿತ್ತನೆ ಕೋಠಿಯಿಂದ ತತ್ತೀನಿ. ಮೊಟ್ಟೆಗೆ ಅಂತ ಚಿಟ್ಟೆ ಹೊರಗ್ ಬುಡ್ತಾರಲ್ಲ, ಅಲ್ಲಿ ಉಳಿಯೋ ಗೂಡು. ನೂಲು ತೆಗೆಯೋ ಗೂಡಲ್ಲಾದ್ರೆ ಹುಳ ಒಳಗೇ ಸತ್ತಿರ್ತದೆ. ಮದ್ವೆ ಮನೆಗೆ ಅದು ಯಾಕೆ ಅಂತ, ಅದ್ನ ನಾನು ಮುಟ್ಟಕಿಲ್ಲ.”

“ಒಳ್ಳೇದಾಯ್ತು,” ಎಂದ ಗಫಾರ್.

“ಚೆನ್ನಾಗೈತಾ ಮಾಮ? ನೀವ್ ಹೇಳ್ಬೇಕು.”

ಅವಳು ಹಾಗೆ ಮುಖ ನೋಡುತ್ತ ನಿಂತಾಗ ಎರಡು ಒಳ್ಳೆಯ ಮಾತಾಡುವುದು ಏನೂ ಕಷ್ಟವಿರಲಿಲ್ಲ. ಆದರೂ “ಹೊಸ ಕಾಲ್ದೋರು ನೀವು, ನಮ್ದೇನೈತೆ,” ಎಂದು ಟೀ ಲೋಟ ಕೆಳಗಿಟ್ಟು ಹೊರಟುಬಿಟ್ಟ.

ಬಸ್ಸಿನಲ್ಲಿ ಬರುವಾಗ ಸತ್ತ ಹುಳದ ಮಾತು ಅವನ ತಲೆಯಲ್ಲಿ ಕೂತಿತು. ಮೊದಲು ಅದು ಸುಮ್ಮನೆ ಬಂದ ಯೋಚನೆ. ಚನ್ನಪಟ್ಟಣ ಇಳಿಯುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿದ್ದವು.

ಕರಿಯಪ್ಪನವರ ತಾಯಿ ಬೈರಮ್ಮ ಆ ಮನೆಯ ಹಿರಿಜೀವ. ಕನಕಪುರ ರಸ್ತೆಯಲ್ಲಿರುವ ಅವರ ಊರಿಗೆ ಪ್ರತಿ ಶುಕ್ರವಾರ ಗಫಾರನ ಅಂಗಡಿಯಿಂದಲೇ ದೇವರ ಹೂವು ಹೋಗುತ್ತಿತ್ತು. ಆ ಶುಕ್ರವಾರ ಅವನು ಬಸ್ಸಿನವನ ಕೈಲಿ ಕಳಿಸದೆ ತಾನೇ ಸ್ಕೂಟರಿನಲ್ಲಿ ಕೊಂಡೊಯ್ದ. ಮಾಮೂಲಿ ಹೂವಿನ ಜೊತೆಗೆ ಮರುಗ, ದವನ ಸೇರಿಸಿ ಕಟ್ಟಿದ ದಪ್ಪ ಮಾಲೆಯೊಂದಿತ್ತು.

“ಇದ್ಯಾಕಪ್ಪ ಇಷ್ಟೊಂದು? ನಾನ್ ಹೇಳಿರ್ನಿಲ್ವಲ್ಲ,” ಎಂದಳು ಬೈರಮ್ಮ, ಮಾಲೆಯನ್ನು ಮೂಸಿ.

“ನನ್ ಕಡೆಯಿಂದ ಅವ್ವ. ಮದ್ವೆ ಮನೆಯಲ್ವಾ.”

ಅವಳು ಅವನನ್ನು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ಅದೂ ಇದೂ ಮಾತಾದ ಮೇಲೆ ಗಫಾರ್ ದನಿ ತಗ್ಗಿಸಿದ.

“ಒಂದ್ ಮಾತು ಅವ್ವ. ಹೇಳ್ಬೇಕೋ ಬ್ಯಾಡ್ವೋ ಗೊತ್ತಾಯ್ತಿಲ್ಲ. ಆ ಗೂಡಿನ ಹಾರ ನೋಡ್ದೆ ನಾನು. ಹುಳ ಸತ್ತ ಗೂಡು ಅದು. ಅಷ್ಟೊಂದು ಜೀವ ಬೆಂದೋಗಿರೋದ್ನ ಧಾರೆ ಹೊತ್ನಲ್ಲಿ ಹೆಣ್ಮಗಳ ಕೊರಳಿಗೆ ಹಾಕೋದು... ನನ್ ಮನ್ಸಿಗೆ ಯಾಕೋ ಸರಿ ಕಾಣ್ನಿಲ್ಲ.”

ಬೈರಮ್ಮನ ಕೈಲಿದ್ದ ಮಾಲೆ ತೊಡೆಯ ಮೇಲೆ ಇಳಿಯಿತು. “ನೀನೇ ನೋಡ್ದಾ?”

“ಕೈಯಲ್ಲಿ ಹಿಡ್ದು ನೋಡಿವ್ನಿ ಅವ್ವ.”

ಅದೊಂದು ನಿಜ. ಅದನ್ನು ಹೇಳುವಾಗ ಅವನ ದನಿ ನಡುಗಲಿಲ್ಲ.

ಮದುವೆಯ ಹಿಂದಿನ ದಿನ ಗಫಾರ್ ಒಳ್ಳೆಯ ಸುಗಂಧರಾಜ ಆರಿಸಿ ಮನೆಗೆ ತಂದ. ಶರ್ಫುನ್ನೀಸಾ ಯಾರ ಮದುವೆಗೆ ಎಂದು ಕೇಳಿದಳು. ಗೊತ್ತಿರುವವರದು ಎಂದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ಕೂತಳು. ಒಂದು ಹಾರ ಅವನು, ಇನ್ನೊಂದು ಅವಳು. ಮೊಗ್ಗುಗಳನ್ನು ಒತ್ತೊತ್ತಾಗಿ ಸೇರಿಸಿ, ನಡುವೆ ಕೆಂಪು ಗುಲಾಬಿಯ ಬಳ್ಳಿ ಓಡಿಸಿ, ಕೆಳಗೆ ಪದಕ ಕಟ್ಟಿದರು. ಅವನು ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ಹಾರ ಕಟ್ಟಿರಲಿಲ್ಲ. ಧನುಶ್ರೀಯ ಹಾರದ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು ಜನ, ಎಂದುಕೊಳ್ಳುತ್ತಲೇ ಪ್ರತಿ ಗಂಟನ್ನೂ ಬಿಗಿದ.

ಬೆಳಗ್ಗೆ ಹಾರಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆಲೆ ಹಾಸಿದ ಬುಟ್ಟಿಯಲ್ಲಿಟ್ಟು, ಸ್ಕೂಟರಿನಲ್ಲಿ ಕಾಲಿನ ಬಳಿ ಇರಿಸಿಕೊಂಡು ತೋಪಿಗೆ ಹೋದ. ಸ್ಕೂಟರನ್ನು ಜನರ ಕಣ್ಣಿಗೆ ಬೀಳದಂತೆ ಬೇಲಿಯ ಮರೆಯಲ್ಲಿ ನಿಲ್ಲಿಸಿದ.

ತೋಪನ್ನು ನೋಡಿ ಅವನ ಕಾಲು ಅಲ್ಲೇ ನಿಂತಿತು. ಧನುಶ್ರೀ ಮರಗಳಿಗೆ ಏನೂ ಹೊದಿಸಿರಲಿಲ್ಲ. ಮಾವಿನ ಕೊಂಬೆಗಳಿಗೆ ಕೈಯೆಟುಕುವಷ್ಟು ಕೆಳಗೆ ಗೂಡಿನ ಸರಗಳು, ಅಲ್ಲಲ್ಲಿ ಅರಗಿನ ಬಣ್ಣದ ಗಿಳಿಗಳು. ಹಸೆಮಣೆಯ ಹಿಂದೆ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನೇ ನಿಲ್ಲಿಸಿ, ಅದರ ಸುರುಳಿಯ ತುಂಬ ಹಳದಿ ಸೇವಂತಿಗೆ ಸಿಕ್ಕಿಸಿದ್ದಳು. ತಲೆಮಾರುಗಳಿಂದ ರೇಷ್ಮೆ ಬೆಳೆದ ಮನೆ ಅದು. ಹಟ್ಟಿಯ ಮೂಲೆಯಲ್ಲಿ ದೂಳು ಹಿಡಿದಿದ್ದ ಚಂದ್ರಿಕೆ ಇಂದು ದೇವರ ಪ್ರಭಾವಳಿಯಂತೆ ನಿಂತಿತ್ತು. ಬಂದ ಹೆಂಗಸರೆಲ್ಲ ಅದರ ಮುಂದೆ ನಿಂತು, “ನಮ್ಮನೆ ಚಂದ್ರಂಕಿ ಕಣೆ ಇದು!” ಎನ್ನುತ್ತ ನಗುತ್ತಿದ್ದರು.

ಇದು ನನಗೆ ಯಾಕೆ ಹೊಳೆಯಲಿಲ್ಲ? ಗಫಾರ್ ಆ ಹಟ್ಟಿಯಲ್ಲಿ ಎಷ್ಟು ಸಲ ಆ ಚಂದ್ರಿಕೆಗೆ ಒರಗಿ ಬೀಡಿ ಸೇದಿದ್ದ!

ಮುಹೂರ್ತ ಹತ್ತಿರವಾಯಿತು. ಗಂಡು ಬಂದು ಕೂತ, ಅಂತರಪಟ ಹಿಡಿದರು, ಭಾನುಪ್ರಿಯಳನ್ನು ಸೋದರಮಾವ ಕರೆತಂದ. ಧನುಶ್ರೀ ಜೋಡಿ ಹಾರದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಆಗ ಹಸೆಮಣೆಯ ಪಕ್ಕದಲ್ಲಿ ಕೂತಿದ್ದ ಬೈರಮ್ಮ ಎದ್ದು ತಟ್ಟೆಗೆ ಕೈ ಅಡ್ಡ ಹಿಡಿದಳು.

“ಇದು ಬ್ಯಾಡ.”

“ಯಾಕವ್ವ, ಏನಾಯ್ತು?” ಎಂದರು ಕರಿಯಪ್ಪನವರು.

“ಅವತ್ತೇ ನಿಂಗೆ ಹೇಳ್ದೆ, ಸುಮ್ನಿರವ್ವ ಅಂದೆ. ಸತ್ತ ಹುಳದ ಹಾರ ನನ್ ಮೊಮ್ಮಗಳ ಕೊರಳಿಗೆ ಬೀಳಂಗಿಲ್ಲ. ನಾನ್ ಬದ್ಕಿರೋಗಂಟ ಬೀಳಂಗಿಲ್ಲ.”

ಗಂಡಿನ ಕಡೆಯವರು ಗುಸುಗುಸು ಎಂದರು. ವಾಲಗದವರು ಏನೆಂದು ತಿಳಿಯದೆ ಇನ್ನಷ್ಟು ಜೋರಾಗಿ ಊದಿದರು. ಧನುಶ್ರೀ ಕೂಗಿ ಹೇಳಿದಳು: “ಅಜ್ಜಿ, ಇದ್ರಲ್ಲಿ ಸತ್ತ ಹುಳ ಇಲ್ಲ ಅಜ್ಜಿ! ಚಿಟ್ಟೆ ಹಾರೋದ ಗೂಡು!” ಆ ಗದ್ದಲದಲ್ಲಿ ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ. ಅವಳು ಸುತ್ತ ನೋಡಿದಳು. ಗುಂಪಿನಲ್ಲಿ ಗಫಾರ್ ಕಂಡ. ಅವಳ ಮುಖ ಬೆಳಗಿತು.

“ಮಾಮ! ನೀವ್ ಹೇಳಿ ಮಾಮ. ನಿಮ್ಗೆ ತೋರ್ಸಿದ್ನಲ್ಲ ನಾನು. ಬೆರಳು ಹಾಕಿ ನೋಡುದ್ರಲ್ಲ!”

ಎಲ್ಲರೂ ಗಫಾರನ ಕಡೆ ತಿರುಗಿದರು. ಬೈರಮ್ಮನೂ ತಿರುಗಿದಳು. ಒಂದು ಮಾತು ಸಾಕಿತ್ತು.

“ಮುಹೂರ್ತ ಮೀರ್ತೈತೆ,” ಎಂದ ಗಫಾರ್. “ಆ ಮಾತೆಲ್ಲ ಆಮೇಲೆ. ಹೂವಿನ ಹಾರ ನನ್ ಗಾಡೀಲೈತೆ, ತತ್ತೀನಿ.”

ಅವನು ಓಡಿದ. ಬುಟ್ಟಿ ತಂದ. ಒದ್ದೆ ಬಟ್ಟೆ ಬಿಚ್ಚಿದಾಗ ಸುಗಂಧರಾಜದ ಪರಿಮಳ ಹಸೆಮಣೆಯ ಸುತ್ತ ಹರಡಿತು. ಪುರೋಹಿತರು, “ಬೇಗ, ಬೇಗ,” ಎಂದರು. ಗಂಡು ಹೆಣ್ಣು ಹಾರ ಬದಲಾಯಿಸಿದರು, ಜನ ಅಕ್ಷತೆ ಎರಚಿದರು. ಹಾರ ತುಂಬ ಚೆನ್ನಾಗಿಯೇ ಇತ್ತು. ಅದರ ಮೇಲಿದ್ದ ಭಾನುಪ್ರಿಯಳ ಮುಖ ಮಾತ್ರ ಇಳಿದಿತ್ತು. ತಡೆದ ಅಳುವಿನಿಂದ ಮೂಗಿನ ತುದಿ ಕೆಂಪಾಗಿತ್ತು.

ಕರಿಯಪ್ಪನವರು ಬಂದು ಗಫಾರನನ್ನು ತಬ್ಬಿಕೊಂಡರು. “ಮಾನ ಉಳಿಸಿದ್ರಿ ಗಫಾರಣ್ಣ. ಎಷ್ಟಾದ್ರೂ ಹಳಬ್ರು ಹಳಬ್ರೇ.” ಪಕ್ಕದಲ್ಲಿದ್ದವರೂ ಹೌದು ಹೌದು ಎಂದರು. ಇಷ್ಟು ದಿನ ಅವನು ಕಾದದ್ದು ಈ ಮಾತಿಗೇ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಹಾರ ಕಟ್ಟುವಾಗ, ಇದೇ ಮಾತನ್ನು ಕಿವಿಯಲ್ಲಿ ಕೇಳಿಸಿಕೊಂಡಿದ್ದ. ಈಗ ಬಂದಾಗ ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಕೈಕಾಲು ತೊಳೆಯುವ ನೆಪದಲ್ಲಿ ನೀರಿನ ಡ್ರಮ್ಮಿನ ಕಡೆ ನಡೆದ.

ಧನುಶ್ರೀ ಅಲ್ಲಿಗೆ ಬಂದಳು. ಅವಳ ಕೈಯಲ್ಲಿ ಹಾರ ಸುತ್ತಿದ್ದ ಒದ್ದೆ ಬಟ್ಟೆಯಿತ್ತು.

“ಆ ಹಾರ ಯಾರಿಗ್ ಕಟ್ಟಿದ್ರಿ ಮಾಮ?”

“ಬ್ಯಾರೆ ಒಂದ್ ಮದ್ವೆಗೆ.”

“ಆ ಮದ್ವೆಯೋರು ಈಗ ಏನ್ ಹಾಕ್ಕತಾರೆ?”

ಗಫಾರ್ ಚೊಂಬಿನಿಂದ ನೀರು ಬಗ್ಗಿಸಿಕೊಂಡ. ತೊಳೆದ ಕೈಯನ್ನೇ ಮತ್ತೆ ತೊಳೆದ.

“ಅಜ್ಜಿಗೆ ಸತ್ತ ಹುಳ ಅಂತ ಯಾರು ಹೇಳುದ್ರು ಅಂತ ಆಗ್ಲಿಂದ ಯೋಚಿಸ್ತಿದ್ದೆ,” ಎಂದಳು ಅವಳು. ಕೂಗಾಡಿದ್ದರೆ ಅವನಿಗೆ ಸಲೀಸಾಗುತ್ತಿತ್ತು. ಅವಳು ಕೂಗಾಡಲಿಲ್ಲ. “ನಾನು ಕೆಲ್ಸ ಕಲ್ತಿದ್ದು ನಿಮ್ ಅಂಗ್ಡಿ ನೆಲದ ಮೇಲೆ. ಎಲ್ರಿಗೂ ಹಂಗೇ ಹೇಳ್ಕಂಡ್ ಬಂದಿವ್ನಿ. ನಮ್ಮಮ್ಮಂಗೆ ಇದ್ನ ಹೇಳಕಿಲ್ಲ ಬುಡಿ. ತಡ್ಕಳಕಿಲ್ಲ ಅವ್ಳು.”

ಬಟ್ಟೆಯನ್ನು ಹಿಂಡಿ, ಮಡಿಸಿ, ಅವನ ಕೈಗೆ ಕೊಟ್ಟು ಹೋದಳು.

ಊಟಕ್ಕೆ ಎಲೆ ಹಾಕಿದರು. ಕರಿಯಪ್ಪನವರು ಮೊದಲ ಪಂಕ್ತಿಯಲ್ಲೇ ಗಫಾರನಿಗೆ ಜಾಗ ಹಿಡಿಸಿದ್ದರು. ಅವನು ಹೋಗಲಿಲ್ಲ. ತೋಪಿನ ಅಂಚಿನಲ್ಲಿ, ಹಳೆಯ ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಬೈರಮ್ಮ ಒಬ್ಬಳೇ ಎಲೆಯಡಿಕೆ ಮೆಲ್ಲುತ್ತಿದ್ದಳು. ಗಫಾರ್ ಅವಳ ಮುಂದೆ ಹೋಗಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ.

“ಅವ್ವ, ಆ ಗೂಡಲ್ಲಿ ಸತ್ತ ಹುಳ ಇರ್ನಿಲ್ಲ.”

ಬೈರಮ್ಮ ಮೆಲ್ಲುವುದನ್ನು ನಿಲ್ಲಿಸಿದಳು.

“ಚಿಟ್ಟೆ ಹೋದ ಗೂಡು ಅದು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಹೇಳ್ದೆ.”

“ಯಾಕ್ಲಾ?”

ಅದಕ್ಕೆ ಅವನು ರಾಮನಗರದಿಂದ ಬರುವ ಬಸ್ಸಿನಲ್ಲೇ ಹತ್ತು ಉತ್ತರ ಕಟ್ಟಿಟ್ಟಿದ್ದ: ಸಂಪ್ರದಾಯ, ಶಾಸ್ತ್ರ, ಹಿರಿಯರ ಮಾತು. ಒಂದೂ ಬಾಯಿಗೆ ಬರಲಿಲ್ಲ. “ಹೊಟ್ಟೆಕಿಚ್ಚು ಅವ್ವ,” ಎಂದ. “ಅವ್ಳು ಮಾಡಿದ್ದು ನಂಗೆ ನೋಡಕ್ಕಾಗ್ನಿಲ್ಲ. ಅಷ್ಟ್ ಚೆನ್ನಾಗಿತ್ತು.”

ಬೈರಮ್ಮ ಎಲೆಯಡಿಕೆಯನ್ನು ಪಕ್ಕಕ್ಕೆ ಉಗುಳಿದಳು. ಬೈದರೆ ಬೈಯಲಿ ಎಂದು ಅವನು ತಲೆ ತಗ್ಗಿಸಿ ಕೂತಿದ್ದ.

“ಹುಳ ಸಾಕಿದ ಕೈ ಕಣ್ಲಾ ನಂದು,” ಎಂದಳು. “ಗೂಡು ಮುಟ್ಟುದ್ರೆ ಸಾಕು, ಒಳಗೇನೈತೆ ಅಂತ ಹೇಳ್ತಿದ್ದೆ. ಒಂದ್ ಸತಿ ಮುಟ್ಟಿ ನೋಡ್ನಿಲ್ಲ ನಾನು. ಗಫಾರ ನೋಡವ್ನೆ, ಇನ್ನೇನ್ ನೋಡೋದು ಅಂದ್ಕಂಡೆ.”

ಅವಳು ಎದ್ದು, ಕೋಲೂರಿಕೊಂಡು ಹಸೆಮಣೆಯ ಕಡೆ ಹೋದಳು. ಗಫಾರ್ ಮರದ ಬುಡದಲ್ಲೇ ಉಳಿದ. ತನ್ನ ಹೆಸರು ಈಗ ಕೇಳಿಸುತ್ತದೆ, ಈಗ ಕೇಳಿಸುತ್ತದೆ ಎಂದು ಕಾದ. ಬೈರಮ್ಮ ಧನುಶ್ರೀಯಿಂದ ತಟ್ಟೆ ತರಿಸಿ, ಗೂಡನ್ನು ಬೆರಳಲ್ಲಿ ಒತ್ತಿ, ತೂತನ್ನು ಕಣ್ಣ ಹತ್ತಿರ ಹಿಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ, “ನನ್ ಕಣ್ಣು ಮಂಜಾಗೋಯ್ತು ಕಣ್ರಪ್ಪ. ಒಳ್ಳೆ ಗೂಡ್ನೇ ಕೆಟ್ಟದ್ದು ಅಂದ್ಬುಟ್ಟೆ. ಈ ಮಗೀನ ತಪ್ಪೇನೂ ಇಲ್ಲ. ಸಂಜೆ ಆರತಕ್ಷತೆಗೆ ಇಬ್ರೂ ಇದ್ನೇ ಹಾಕ್ಕಬೇಕು,” ಎಂದಳು. ಭಾನುಪ್ರಿಯ ಓಡಿ ಬಂದು ಅಜ್ಜಿಯನ್ನು ಅಪ್ಪಿಕೊಂಡಳು. ಗಫಾರನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಅವನು ಸಂಜೆಯವರೆಗೆ ಅಲ್ಲೇ ಇದ್ದ. ಹೋಗಿಬಿಡಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಗೂಡಿನ ಹಾರ ಕೊರಳಲ್ಲಿ ಹೇಗೆ ಕಾಣುತ್ತದೆ ಎಂದು ನೋಡದೆ ಹೋಗಲು ಅವನಿಂದ ಆಗಲಿಲ್ಲ. ದೀಪ ಹಾಕಿದಾಗ ಗೂಡುಗಳು ಒಳಗಿನಿಂದ ಬೆಳಗಿದಂತೆ ಕಂಡವು. ಬೆಳಗಿನ ಸುಗಂಧರಾಜ ಆಗಲೇ ಕಂದು ತಿರುಗಿ ಯಾವುದೋ ಕುರ್ಚಿಯ ಬೆನ್ನಿಗೆ ಜೋತುಬಿದ್ದಿತ್ತು. ಜನ ಸಾಲುಗಟ್ಟಿ ಹೋಗಿ ಮದುಮಗಳ ಹಾರವನ್ನು ಮುಟ್ಟಿ ನೋಡುತ್ತಿದ್ದರು. ಧನುಶ್ರೀಯ ಫೋನ್ ನಂಬರು ಕೇಳುತ್ತಿದ್ದರು. ತಪ್ಪೊಪ್ಪಿಕೊಂಡ ಮೇಲೆ ಕಿಚ್ಚು ಆರೀತು ಎಂದುಕೊಂಡಿದ್ದ ಗಫಾರ್. ಅದು ಹಾಗೇ ಉರಿಯುತ್ತಿತ್ತು.

ಮನೆಗೆ ಹೋಗಿ ಶರ್ಫುನ್ನೀಸಾಳಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳಿ ಮುಗಿದ ಮೇಲೆ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. “ನನ್ನ ಕೈಯಿಂದಲೂ ಕಟ್ಟಿಸಿದಿರಲ್ಲ,” ಎಂದಳು. ಅಷ್ಟೇ. ಕೆಲವು ದಿನ ಅವಳು ಅಂಗಡಿಯ ಕಡೆ ಬರಲಿಲ್ಲ.

ಕರಿಯಪ್ಪನವರ ಮನೆಯಿಂದ ಶುಕ್ರವಾರದ ಹೂವಿಗೆ ಹೇಳಿಕಳಿಸುವುದು ನಿಂತಿತು. ಯಾಕೆಂದು ಅವನು ಕೇಳಲಿಲ್ಲ. ಪೇಟೆಯಲ್ಲಿ ಸಿಕ್ಕಾಗ ಕರಿಯಪ್ಪನವರು ಮೊದಲಿನಂತೆಯೇ ನಗುತ್ತ ಮಾತಾಡಿಸುತ್ತಿದ್ದರು. ಅವರಿಗೆ ವಿಷಯ ತಿಳಿದಿಲ್ಲವೆಂದು ಕಾಣುತ್ತಿತ್ತು. ಬೈರಮ್ಮ ಮಾತ್ರ ಈಗ ಹೂವನ್ನು ಕನಕಪುರದಿಂದ ತರಿಸುತ್ತಿದ್ದಳು.

ಮದುವೆಯ ಕಾಲ ಮುಗಿದು ಮಳೆ ಹಿಡಿದ ಮೇಲೆ ಒಂದು ದಿನ ಗಫಾರ್ ಅಂಗಡಿಯಲ್ಲಿ ಪನ್ನೀರು ಗುಲಾಬಿ ಬಿಡಿಸುತ್ತಿದ್ದ. ಅಪ್ಪನ ಕಾಲದಿಂದ ಅವನು ಹೂವು ಮಾರಿದ್ದಾನೆ. ತಾನಾಗಿ ಯಾರಿಗಾದರೂ ಕೊಟ್ಟದ್ದು ನೆನಪಾಗಲಿಲ್ಲ. ಬೈರಮ್ಮನಿಗೆ ಕೊಟ್ಟ ಮಾಲೆಯೊಂದಿತ್ತು, ಅದನ್ನು ಕೊಟ್ಟದ್ದೆನ್ನಲು ಬರುವಂತಿರಲಿಲ್ಲ. ಗುಲಾಬಿಯ ಜೊತೆ ದವನದ ಕಡ್ಡಿಗಳನ್ನು ಸೇರಿಸಿ ಒಂದು ಗೊಂಚಲು ಕಟ್ಟಿ, ಬಾಳೆಲೆಯಲ್ಲಿ ಸುತ್ತಿಕೊಂಡು ರಾಮನಗರದ ಬಸ್ಸು ಹತ್ತಿದ.

ಧನುಶ್ರೀ ಅಂಗಡಿಯಲ್ಲಿ ನಾಮಕರಣದ ತೊಟ್ಟಿಲೊಂದನ್ನು ಅಲಂಕರಿಸುತ್ತಿದ್ದಳು. ಅವನನ್ನು ನೋಡಿ ಏಳಲಿಲ್ಲ. ಕುರ್ಚಿಯ ಕಡೆ ಕಣ್ಣಲ್ಲೇ ತೋರಿಸಿದಳು. ಅವನು ಕೂರದೆ ಗೊಂಚಲನ್ನು ಮುಂದೆ ಚಾಚಿದ.

“ಯಾರಿಗೆ ಇದು?”

“ನಿಂಗೇ ಕಣವ್ವ.”

ಅವಳು ತೆಗೆದುಕೊಂಡು ಮೂಸಿದಳು.

“ಆವತ್ತು ಚೆನ್ನಾಗೈತಾ ಅಂತ ಕೇಳ್ದೆ,” ಎಂದ ಗಫಾರ್. “ಭಾಳ ಚೆನ್ನಾಗಿತ್ತು. ಆ ಚಂದ್ರಂಕಿ ಇನ್ನೂ ಚೆನ್ನಾಗಿತ್ತು. ನಾನ್ ಮಾಡಿದ್ದು ತಪ್ಪು. ತಡ್ಕಳಕ್ಕಾಗ್ದೆ ಮಾಡ್ಬುಟ್ಟೆ. ಈಗ್ಲೂ ಒಸಿ ಹಂಗೇ ಐತೆ, ಸುಳ್ಳು ಹೇಳಕಿಲ್ಲ.”

ಧನುಶ್ರೀ ನಗಲಿಲ್ಲ. ಆದರೂ ಮುಖದ ಬಿಗಿ ಸ್ವಲ್ಪ ಸಡಿಲಿತು. “ನಂಗೂ ಇನ್ನೂ ಕೋಪ ಐತೆ ಮಾಮ. ಈಗ್ಲೇ ಹೋಯ್ತು ಅಂದ್ರೆ ಅದೂ ಸುಳ್ಳೇ,” ಎಂದಳು.

“ಇರ್ಲಿ ಬುಡವ್ವ.”

ಅವಳು ಗೊಂಚಲನ್ನು ಕೈಯಲ್ಲೇ ಹಿಡಿದು ತೊಟ್ಟಿಲಿನ ಕಡೆ ತಿರುಗಿದಳು. ತಲೆದಿಂಬಿನ ಕಡೆಯ ಮೂಲೆ ಬರಿದಾಗಿತ್ತು. ಏನೋ ಯೋಚಿಸಿ, ಗಂಟು ಬಿಚ್ಚಿ, ಗುಲಾಬಿಗಳನ್ನು ಒಂದೊಂದಾಗಿ ತಲೆಕೆಳಗಾಗಿ ಇಳಿಬಿಟ್ಟು, ದವನವನ್ನು ಅವುಗಳ ಹಿಂದೆ ಹರಡಿದಳು. ಹೂವನ್ನು ತಲೆಕೆಳಗಾಗಿ ಯಾರು ಕಟ್ಟುತ್ತಾರೆ ಎಂದು ಗಫಾರ್ ಬಾಯಿ ತೆರೆದವನು ಹಾಗೇ ಮುಚ್ಚಿದ. ಮಲಗಿದ ಕೂಸು ಕಣ್ಣು ಬಿಟ್ಟರೆ ನೇರ ಹೂವಿನ ಮುಖವೇ ಕಾಣುವಂತಿತ್ತು.

ಇದೂ ತನಗೆ ಹೊಳೆದಿರಲಿಲ್ಲ.

“ಇನ್ನೂ ನಾಕು ಹೂವು ಬೇಕು ಆ ಕಡೆಗೆ,” ಎಂದ.

“ಇಲ್ಲ ಮಾಮ, ಸಾಕು.”

ಗಫಾರ್ ತೊಟ್ಟಿಲಿನ ಆ ಬದಿಗೆ ಹೋಗಿ ಬಗ್ಗಿ ನೋಡಿದ. ಅವಳು ಹೇಳಿದ್ದು ಸರಿಯಾಗಿತ್ತು, ಅಷ್ಟೇ ಸಾಕಿತ್ತು. ಹೊರಗೆ ಮಳೆ ಹನಿಯತೊಡಗಿತ್ತು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ, ತಲೆಗೆ ಕರವಸ್ತ್ರ ಕಟ್ಟಿಕೊಂಡು ಅವನು ರಸ್ತೆಗಿಳಿದ.